ಎದುರಾಳಿಯ ಮನಸ್ಸಿನಲ್ಲಿ ಏನಿದೆ?



ಹುಣಿಸೆ ಬೀಜಗಳನ್ನು ಮುಷ್ಟಿಯಲ್ಲಿ ಮುಚ್ಚಿಟ್ಟು ‘ಸರಿಯೋ, ಬೆಸವೋ’ ಎಂದು ಕೇಳುವ ಆಟವನ್ನು ನಿಮ್ಮಲ್ಲಿ ಹಲವರು ಆಡಿರುತ್ತೀರಿ. ಇದು ಬರೀ ಅದೃಷ್ಟದ ಆಟ, ಬುದ್ಧಿಗೆ ಇಲ್ಲಿ ಕೆಲಸವಿಲ್ಲ ಎಂದು ಮೇಲುನೋಟಕ್ಕೆ ಅನ್ನಿಸುತ್ತದೆ. ಆದರೆ ಎರಡನೆಯ ಸುತ್ತಿಗೆ ಬಂದೊಡನೆ ಬುದ್ಧಿ ಕೆಲಸಕ್ಕಿಳಿಯುತ್ತದೆ. ‘ಕಳೆದ ಸಲ ಸರಿ ಹಿಡಿದು ಸೋತ, ಈಗ ಬೆಸ ಹಿಡಿದಿರುತ್ತಾನೆ’ ಎಂದು ನೀವು ಊಹಿಸುತ್ತೀರಿ. ಅವನಾದರೋ, ‘ನಾನು ಬೆಸಕ್ಕೆ ಬದಲಾಯಿಸುತ್ತೇನೆಂದು ಇವನು ಎಣಿಸುತ್ತಾನೆ, ಸರಿಯನ್ನೇ ಹಿಡಿಯೋಣ’ ಎಂದುಕೊಂಡಿರಬಹುದು. ಅದನ್ನೂ ನೀವು ಊಹಿಸಿದರೆ? ಈ ಏಣಿಗೆ ಕೊನೆಯ ಮೆಟ್ಟಿಲು ಎಲ್ಲಿದೆ?

ಏಣಿಯ ಮೊದಲ ಮೆಟ್ಟಿಲನ್ನು ನಾವು ಬಾಲ್ಯದಲ್ಲೇ ಹತ್ತುತ್ತೇವೆ. ವಿಮ್ಮರ್ ಮತ್ತು ಪರ್ನರ್ ಎಂಬ ಮನಶ್ಶಾಸ್ತ್ರಜ್ಞರು 1983ರಲ್ಲಿ ಒಂದು ಸರಳ ಪ್ರಯೋಗವನ್ನು ಪ್ರಕಟಿಸಿದರು. ಮಕ್ಕಳಿಗೆ ಒಂದು ಕಥೆ ಹೇಳಲಾಯಿತು: ಒಬ್ಬ ಹುಡುಗ ಚಾಕೊಲೇಟನ್ನು ಒಂದು ಕಪಾಟಿನಲ್ಲಿಟ್ಟು ಆಡಲು ಹೋಗುತ್ತಾನೆ. ಅವನಿಲ್ಲದಾಗ ತಾಯಿ ಅದನ್ನು ಬೇರೊಂದು ಕಪಾಟಿಗೆ ಸೇರಿಸುತ್ತಾಳೆ. ಹುಡುಗ ಹಿಂತಿರುಗಿ ಬಂದು ಎಲ್ಲಿ ಹುಡುಕುತ್ತಾನೆ? ಚಾಕೊಲೇಟು ಈಗ ಇರುವ ಕಪಾಟನ್ನೇ ಮೂರು ವರ್ಷದ ಮಕ್ಕಳು ತೋರಿಸಿದರು. ತಮಗೆ ತಿಳಿದದ್ದು ಅವನಿಗೆ ತಿಳಿಯದು ಎಂಬುದು ಅವರಿಗೆ ಹೊಳೆಯಲಿಲ್ಲ. ತುಸು ದೊಡ್ಡ ಮಕ್ಕಳಲ್ಲಿ ಸರಿಯಾಗಿ ಉತ್ತರಿಸಿದವರು ಹೆಚ್ಚು. ಆಟದಲ್ಲಿ ಎದುರಾಳಿಯನ್ನು ಏಮಾರಿಸುವ ವಿದ್ಯೆಗೆಲ್ಲ ಇದೇ ಬುನಾದಿ.

ಈಗ ಫುಟ್ಬಾಲ್ ಮೈದಾನಕ್ಕೆ ಬನ್ನಿ. ಪೆನಾಲ್ಟಿ ಒದೆತದಲ್ಲಿ ಚೆಂಡು ಗೋಲಿನಿಂದ 11 ಮೀಟರ್ ದೂರದಲ್ಲಿರುತ್ತದೆ. ಬಲವಾಗಿ ಒದ್ದರೆ ಅದು ಅರ್ಧ ಸೆಕೆಂಡಿನೊಳಗೆ ಗೋಲು ಮುಟ್ಟುತ್ತದೆ. ಚೆಂಡನ್ನು ಪೂರ್ತಿ ನೋಡಿಕೊಂಡು ಹಾರೋಣವೆಂದರೆ ಗೋಲ್‌ಕೀಪರನಿಗೆ ಸಮಯ ಸಾಲದು. ಎಡವೋ ಬಲವೋ ಎಂದು ಮೊದಲೇ ಊಹಿಸಬೇಕು. 1976ರ ಯೂರೋಪಿಯನ್ ಚಾಂಪಿಯನ್‌ಷಿಪ್ ಫೈನಲ್ ಬೆಲ್‌ಗ್ರೇಡ್‌ನಲ್ಲಿ ನಡೆಯಿತು. ಚೆಕೊಸ್ಲೊವಾಕಿಯಾದ ಆಂಟೊನಿನ್ ಪನೆಂಕಾ ಕೊನೆಯ ಪೆನಾಲ್ಟಿಗೆ ಓಡಿಬಂದರು. ಪಶ್ಚಿಮ ಜರ್ಮನಿಯ ಹೆಸರಾಂತ ಗೋಲ್‌ಕೀಪರ್ ಸೆಪ್ ಮೇಯರ್ ಒಂದು ಪಕ್ಕಕ್ಕೆ ಹಾರಿದರು. ಪನೆಂಕಾ ಚೆಂಡನ್ನು ಮೆಲ್ಲಗೆ ಎತ್ತಿ, ಅವರು ಬಿಟ್ಟುಹೋದ ನಟ್ಟನಡುವಿಗೇ ಕಳುಹಿಸಿಬಿಟ್ಟರು! ಕಪ್ಪು ಚೆಕೊಸ್ಲೊವಾಕಿಯಾದ ಪಾಲಾಯಿತು. ಅದು ಪುಂಡಾಟವಲ್ಲ, ಗೋಲ್‌ಕೀಪರ್ ಹಾರಿಯೇ ಹಾರುತ್ತಾನೆ ಎಂಬ ಲೆಕ್ಕಾಚಾರ ಅದರ ಹಿಂದಿತ್ತು. ಆದರೆ ಪ್ರತಿಸಲವೂ ಹಾಗೆ ಒದೆಯುವವನ ಎದುರು ಗೋಲ್‌ಕೀಪರ್ ಕದಲದೆ ನಿಂತರೆ ಸಾಕು, ಚೆಂಡು ನೇರ ಅವನ ಕೈಗೆ ಬರುತ್ತದೆ. ಅಪರೂಪಕ್ಕೆ ಬಳಸಿದಾಗ ಮಾತ್ರ ಈ ಉಪಾಯಕ್ಕೆ ಬೆಲೆ.

ಹಾಗಾದರೆ ನಿಮ್ಮಷ್ಟೇ ಜಾಣ ಎದುರಾಳಿ ಸಿಕ್ಕಾಗ ಮಾಡುವುದೇನು? ಗಣಿತಜ್ಞ ಜಾನ್ ವಾನ್ ನಾಯ್ಮನ್ 1928ರಲ್ಲೇ ಇದಕ್ಕೆ ಉತ್ತರ ಕೊಟ್ಟರು. ಒಬ್ಬನ ಲಾಭವೇ ಇನ್ನೊಬ್ಬನ ನಷ್ಟವಾಗುವ ಇಬ್ಬರ ಆಟದಲ್ಲಿ, ನಡೆಗಳನ್ನು ತಕ್ಕ ಪ್ರಮಾಣದಲ್ಲಿ ಬೆರೆಸಿ, ಯಾವಾಗ ಯಾವುದು ಬರುವುದೆಂದು ಯಾರೂ ಹೇಳಲಾಗದಂತೆ ಆಡಬೇಕು. ಆಗ ನಿಮ್ಮ ಮನಸ್ಸನ್ನು ಓದಿ ಅವನಿಗೆ ಸಿಗುವುದು ಏನೂ ಇಲ್ಲ. ಅರ್ಥಶಾಸ್ತ್ರಜ್ಞ ಪಲಾಸಿಯೋಸ್-ಹುಯೆರ್ಟಾ 1,417 ಪೆನಾಲ್ಟಿಗಳನ್ನು ಪರಿಶೀಲಿಸಿ 2003ರಲ್ಲಿ ಪ್ರಕಟಿಸಿದ ಲೇಖನದಂತೆ, ನುರಿತ ಆಟಗಾರರು ಹೆಚ್ಚುಕಡಿಮೆ ಹೀಗೆಯೇ ಆಡುತ್ತಾರೆ. ನಮ್ಮನಿಮ್ಮಂಥವರಿಗೆ ಇದು ಸುಲಭವಲ್ಲ. ನಾಣ್ಯ ಚಿಮ್ಮದೆ, ಮನಸ್ಸಿಗೆ ತೋಚಿದಂತೆ ‘ರಾಜ, ರಾಣಿ’ ಎಂದು ಇಪ್ಪತ್ತು ಸಲ ಬರೆದು ನೋಡಿ. ಒಂದೇ ಪಕ್ಕ ಸತತವಾಗಿ ನಾಲ್ಕು ಸಲ ಬರೆಯಲು ಕೈ ಹಿಂಜರಿಯುತ್ತದೆ. ನಾಣ್ಯಕ್ಕೆ ಅಂಥ ಸಂಕೋಚವಿಲ್ಲ.

ಇನ್ನು, ಎಲ್ಲರೂ ಅಷ್ಟೊಂದು ಜಾಣರಲ್ಲದ ಕಡೆ ಏನಾಗುತ್ತದೆ? ನನ್ನ ಮಟ್ಟಿಗೆ ಇದೇ ಹೆಚ್ಚು ಸ್ವಾರಸ್ಯದ ಪ್ರಶ್ನೆ. ಡೆನ್ಮಾರ್ಕಿನ ‘ಪೊಲಿಟಿಕೆನ್’ ಪತ್ರಿಕೆ 2005ರಲ್ಲಿ ಒಂದು ಸ್ಪರ್ಧೆ ನಡೆಸಿತು. 0ಯಿಂದ 100ರೊಳಗೆ ಒಂದು ಸಂಖ್ಯೆ ಆರಿಸಬೇಕು. ಎಲ್ಲರ ಸಂಖ್ಯೆಗಳ ಸರಾಸರಿಯ ಮೂರನೇ ಎರಡು ಭಾಗಕ್ಕೆ ಅತಿ ಹತ್ತಿರ ಬಂದವರಿಗೆ ಬಹುಮಾನ. ಜನ ಮನಬಂದಂತೆ ಬರೆದರೆ ಸರಾಸರಿ 50. ಆದ್ದರಿಂದ 33 ಬರೆಯೋಣ. ಎಲ್ಲರೂ ಹೀಗೆಯೇ ಎಣಿಸಿ 33 ಬರೆದರೆ? ಆಗ 22 ಸರಿ. ಅವರೂ 22 ಬರೆದರೆ ಸುಮಾರು 15. ಹೀಗೆ ಇಳಿಯುತ್ತ ಹೋದರೆ ತರ್ಕ ನಿಲ್ಲುವುದು 0ಯಲ್ಲಿ.

ಭಾಗವಹಿಸಿದವರು 19,196 ಮಂದಿ. ಗೆದ್ದ ಸಂಖ್ಯೆ ಸುಮಾರು 21.6. ತರ್ಕವನ್ನು ಕೊನೆಯವರೆಗೂ ಎಳೆದು 0 ಬರೆದವರೂ ಸೋತರು, ಯೋಚಿಸದೆ 50 ಬರೆದವರೂ ಸೋತರು! 0 ಬರೆದವರ ಗಣಿತದಲ್ಲಿ ದೋಷವಿರಲಿಲ್ಲ. ಉಳಿದವರೂ ತಮ್ಮಂತೆಯೇ ಕೊನೆಯವರೆಗೆ ಯೋಚಿಸುತ್ತಾರೆಂದು ಅವರು ನಂಬಿದ್ದರು, ಅಷ್ಟೆ. ರೋಸ್ಮೇರಿ ನಾಗೆಲ್ 1995ರಲ್ಲಿ ಪ್ರಕಟಿಸಿದ ಇಂಥದೇ ಪ್ರಯೋಗದಲ್ಲಿ ಹೆಚ್ಚಿನವರು ಒಂದೆರಡು ಮೆಟ್ಟಿಲು ಹತ್ತಿ ನಿಂತಿದ್ದರು.

ಈ ಆಟವನ್ನು ನೆನಪಿಸುವ ಹೋಲಿಕೆಯೊಂದನ್ನು ಅರ್ಥಶಾಸ್ತ್ರಜ್ಞ ಕೇನ್ಸ್ 1936ರಲ್ಲಿ ಕೊಟ್ಟಿದ್ದರು. ಪತ್ರಿಕೆಯೊಂದು ನೂರು ಮುಖಗಳ ಚಿತ್ರ ಅಚ್ಚು ಹಾಕಿ, ಅತಿ ಸುಂದರವಾದ ಆರನ್ನು ಆರಿಸಿ ಎನ್ನುತ್ತದೆ. ಬಹುಮಾನ ಬಹುಮತದ ಆಯ್ಕೆಗೆ. ಆಗ ನಿಮಗೆ ಯಾರು ಸುಂದರ ಎಂಬುದು ಮುಖ್ಯವಲ್ಲ. ಉಳಿದವರು ಯಾರನ್ನು ಆರಿಸಿಯಾರು ಎಂಬುದೇ ಮುಖ್ಯ. ಷೇರು ಪೇಟೆಯೂ ಹೀಗೆಯೇ ಎಂದರು ಕೇನ್ಸ್. ಬೆಲೆ ಅತಿಯಾಗಿದೆಯೆಂದು ತಿಳಿದೂ ಕೊಳ್ಳುವವನ ಧೈರ್ಯವೇನು? ನನಗಿಂತ ಒಂದು ಮೆಟ್ಟಿಲು ಕೆಳಗಿರುವವನು ನಾಳೆ ಸಿಕ್ಕೇ ಸಿಗುತ್ತಾನೆ ಎಂಬುದು. ಆ ನಾಳೆಯ ಗಿರಾಕಿಯೂ ಹೀಗೆಯೇ ಯೋಚಿಸಿ ದೂರ ಸರಿದ ದಿನ, ಮನೆಯ ಉಳಿತಾಯವನ್ನೆಲ್ಲ ಅಲ್ಲಿ ಹೂಡಿದವನ ಗತಿ ಏನಾಗುತ್ತದೆಂದು ನೀವೇ ಊಹಿಸಿ.

ಸಂಖ್ಯೆಯ ಆಟವನ್ನು ನಿಮ್ಮ ತರಗತಿಯಲ್ಲೇ ಆಡಬಹುದು. ಚೀಟಿಗಳಲ್ಲಿ ಬರೆಸಿ, ಸರಾಸರಿ ತೆಗೆದು, ಫಲಿತಾಂಶವನ್ನು ಕರಿಹಲಗೆಯ ಮೇಲೆ ಹಾಕಿ. ಕೂಡಲೇ ಎರಡನೆಯ ಸುತ್ತು, ಮೂರನೆಯದು, ನಾಲ್ಕನೆಯದು. ನಾಗೆಲ್ ಅವರ ಪ್ರಯೋಗದಲ್ಲಿ ಸುತ್ತಿನಿಂದ ಸುತ್ತಿಗೆ ಸಂಖ್ಯೆಗಳು ಕೆಳಗಿಳಿದವು. ನಿಮ್ಮಲ್ಲಿ ಎಷ್ಟು ಬೇಗ ಇಳಿಯುತ್ತವೆಂದು ಬರೆದಿಡಿ. ನಾಲ್ಕನೆಯ ಸುತ್ತಿನಲ್ಲೂ 67 ಬರೆಯುವವನೊಬ್ಬ ಇದ್ದರೆ ಅವನನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.