ಎಳೆಯ ಬಸುರಿಗೆ ಹಾಲುಣಿಸುವ ಪಾಠ



ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಭಾಗದ ನಾವು ಬಾಣಂತನಕ್ಕೆ ಬಹಳ ಬೆಲೆ ಕೊಡುವವರು. ಆದರೆ ಇನ್ನೂ ಹದಿಹರೆಯ ದಾಟದ ಹುಡುಗಿ ಬಸುರಿಯಾದರೆ ಮನೆಯಲ್ಲಿ ಮೊದಲು ಕಾಣುವುದು ಅಂಜಿಕೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 21.3 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಇದನ್ನು ತಡೆಯುವುದೇ ಮೊದಲ ಕೆಲಸ. ಮಕ್ಕಳ ಸಹಾಯವಾಣಿ 1098ಕ್ಕೆ ಒಂದು ಕರೆ ಸಾಕು. ಆದರೆ ಈಗಾಗಲೇ ಬಸುರಿಯಾದವಳ ಗತಿಯೇನು? ಬಾಲ್ಯವಿವಾಹದ ಕೇಸಾದೀತೆಂದು ಮನೆಯವರು ಬಚ್ಚಿಟ್ಟರೆ ತಾಯಿ ಕಾರ್ಡ್ ತಡವಾಗುತ್ತದೆ, ಅಂಗನವಾಡಿಯ ಮಾತೃಪೂರ್ಣ ಊಟ ತಪ್ಪುತ್ತದೆ. ಕೂಸಿಗೆ ಹಾಲುಣಿಸುವ ಬಗೆಯನ್ನು ಹೇಳಿಕೊಡುವವರೂ ಇರುವುದಿಲ್ಲ. ಪ್ರಕರಣ ದಾಖಲಾದರೂ ಚಿಕಿತ್ಸೆ ಪಡೆಯುವ ಹಕ್ಕು ಅವಳಿಗಿದೆ ಎಂಬುದನ್ನು ಪ್ರತಿ ಮನೆಯೂ ತಿಳಿದಿರಬೇಕು.

ಅವಳ ಮೈಯೇ ಇನ್ನೂ ಬೆಳೆಯುತ್ತಿರುತ್ತದೆ. ರಕ್ತ ಕಡಿಮೆ ಇರುವುದು, ದಿನ ತುಂಬದ ಹೆರಿಗೆ, ತೂಕ ಕಡಿಮೆಯ ಕೂಸು: ಈ ವಯಸ್ಸಿನಲ್ಲಿ ಇವುಗಳ ಸಂಭವ ಹೆಚ್ಚು. ಅಂಥ ಕೂಸಿಗೆ ತಾಯಿಹಾಲು ಮತ್ತಷ್ಟು ಅಗತ್ಯ. ಹುಟ್ಟಿದ ಒಂದು ತಾಸಿನೊಳಗೆ ಮೊಲೆಗೆ ಹಚ್ಚಬೇಕು. ಹಳದಿ ಬಣ್ಣದ ಗಿಣ್ಣು ಹಾಲನ್ನು ಹಿಂಡಿ ಚೆಲ್ಲಬಾರದು. ಸೋಂಕಿನಿಂದ ಕಾಯುವ ಗುಣ ಅದರಲ್ಲಿದೆ. ಜೇನುತುಪ್ಪ, ಸಕ್ಕರೆ ನೀರು ಬೇಡ. ಆರು ತಿಂಗಳು ತುಂಬುವವರೆಗೆ, ಬೇಸಿಗೆಯಲ್ಲೂ, ಗುಟುಕು ನೀರೂ ಬೇಡ. ತೊಟ್ಟಷ್ಟೇ ಅಲ್ಲ, ಅದರ ಸುತ್ತಲಿನ ಕಪ್ಪು ಭಾಗವೂ ಆದಷ್ಟು ಕೂಸಿನ ಬಾಯೊಳಗೆ ಹೋಗಬೇಕು, ಗದ್ದ ಮೊಲೆಗೆ ತಾಗಬೇಕು. ಚೀಪುವ ಶಕ್ತಿಯಿಲ್ಲದ ಕೂಸಿಗೆ ಹಾಲು ಹಿಂಡಿ ಬಟ್ಟಲು, ಚಮಚೆಯಲ್ಲಿ ಕುಡಿಸಬಹುದು. ‘ಸಣ್ಣ ಹುಡುಗಿ, ಇವಳಿಗೆ ಹಾಲು ಸಾಲಂಗಿಲ್ಲ’ ಎಂಬ ಮಾತು ಸರಿಯಲ್ಲ. ಕೂಸು ಚೀಪಿದಷ್ಟೂ ಹಾಲು ಹೆಚ್ಚುತ್ತದೆ.

ಇವನ್ನೆಲ್ಲ ಹೇಳುವುದಕ್ಕಿಂತ ತೋರಿಸುವುದು ಸುಲಭ. ಮುಂಬಯಿ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಕೂಸನ್ನು ಹಿಡಿಯುವ, ಮೊಲೆಗೆ ಹಚ್ಚುವ ಕ್ರಮವನ್ನು ವಿಡಿಯೊಗಳಲ್ಲಿ ಕಲಿಸುತ್ತದೆ. ನಾಲ್ಕು ಜನರ ಮುಂದೆ ಕೇಳಲು ನಾಚುವ ಹುಡುಗಿ ಇಂಥದ್ದನ್ನು ಮನೆಯಲ್ಲೇ, ಬೇಕಾದಷ್ಟು ಸಲ ನೋಡಬಹುದು.

ಆದರೆ ಮೊಬೈಲ್ ಎಷ್ಟೋ ಮನೆಗಳಲ್ಲಿ ಗಂಡನ ಕೈಯಲ್ಲೋ ಅತ್ತೆಯ ಕೈಯಲ್ಲೋ ಇರುತ್ತದೆ. ಕೂಸಿಗೆ ಏನು ಕುಡಿಸಬೇಕೆಂದು ಗೊತ್ತು ಮಾಡುವವರೂ ಹಲವೆಡೆ ಬಾಣಂತನ ಮಾಡುವ ಹಿರಿಯರೇ. ಆದ್ದರಿಂದ ಪಾಠ ಹುಡುಗಿಗೂ ಅವಳ ತಾಯಿಗೂ ಅತ್ತೆಗೂ ಒಟ್ಟಿಗೇ ಆಗಬೇಕು, ನಮ್ಮ ಸೀಮೆಯ ಮಾತಿನಲ್ಲಿ ಆಗಬೇಕು, ಏಳನೆಯ ತಿಂಗಳಿಗೇ ಶುರುವಾಗಬೇಕು. ಆಶಾ ಕಾರ್ಯಕರ್ತೆ ಪಕ್ಕದಲ್ಲಿ ಕೂತು ತೋರಿಸಿದರೆ, ಹೆರಿಗೆಯಾದ ಮೇಲೆ ಕೂಸು ಹಿಡಿದ ರೀತಿಯನ್ನು ಕಣ್ಣಾರೆ ನೋಡಿ ತಿದ್ದಬಲ್ಲಳು. ಮೊಬೈಲಿನಿಂದ ಆ ಕೆಲಸ ಆಗದು.

ಎರಡು ಎಚ್ಚರಿಕೆ. ಹುಡುಗಿಯ ಹೆಸರಾಗಲಿ ಫೋಟೊ ಆಗಲಿ ಯಾವ ವಾಟ್ಸಾಪ್ ಗುಂಪಿಗೂ ಹೋಗಕೂಡದು. ಪಾಠದ ನಡುವೆ ಹಾಲಿನ ಪುಡಿಯ, ಬಾಟಲಿಯ ಪ್ರಚಾರ ನುಸುಳಕೂಡದು. ಮಕ್ಕಳ ಹಾಲಿನ ಪುಡಿ, ಬಾಟಲಿ ಕುರಿತ 1992ರ ಕಾಯ್ದೆಯೇ ಅಂಥ ಜಾಹೀರಾತನ್ನು ನಿಷೇಧಿಸಿದೆ.

ನಿಮ್ಮ ಓಣಿಯಲ್ಲಿ ಇಂಥ ಹುಡುಗಿಯಿದ್ದರೆ ಆಡಿಕೊಳ್ಳಬೇಡಿ. ಆಶಾ ಅಕ್ಕನನ್ನು ಆ ಮನೆಗೆ ಕರೆದುಕೊಂಡು ಹೋಗಿ.