ಹಳೆಯ ಚರ್ಚುಗಳ ಮಾಡಿನ ಮೇಲೆ ಸೌರಫಲಕ



ಇಂಗ್ಲೆಂಡಿನ ಹಳ್ಳಿಗಳಲ್ಲಿ ದೂರದಿಂದಲೇ ಕಣ್ಣಿಗೆ ಬೀಳುವುದು ಚರ್ಚಿನ ಗೋಪುರ. ಊರು ಬೆಳೆದದ್ದು ಅದರ ಸುತ್ತ. ಮಗುವಿನ ದೀಕ್ಷಾಸ್ನಾನ, ಮದುವೆ, ಕೊನೆಗೆ ಮಣ್ಣು ಎಲ್ಲವೂ ನಡೆದದ್ದು ಅದರ ಆವರಣದಲ್ಲಿ. ಹೀಗೆ ಒಂದು ಊರಿಗೋ ನಾಲ್ಕಾರು ಊರುಗಳಿಗೋ ಸೇರಿದ ಚರ್ಚನ್ನು ಅಲ್ಲಿ ಪ್ಯಾರಿಷ್ ಚರ್ಚು ಎನ್ನುತ್ತಾರೆ. ಚರ್ಚ್ ಆಫ್ ಇಂಗ್ಲೆಂಡಿನ ಸುಮಾರು 16,000 ಚರ್ಚುಗಳಲ್ಲಿ 12,000ಕ್ಕೂ ಹೆಚ್ಚು ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿವೆ. ಆರುನೂರು, ಏಳುನೂರು ವರ್ಷ ಹಳೆಯ ಚರ್ಚುಗಳು ಅಲ್ಲಿ ಅಪರೂಪವೇನಲ್ಲ.

ಇಂಥ ಕಟ್ಟಡದ ನೆತ್ತಿಯ ಮೇಲೆ ಕಪ್ಪು ಗಾಜಿನ ಸೌರಫಲಕಗಳನ್ನು ಕೂರಿಸಬಹುದೇ? ಈ ಪ್ರಶ್ನೆ ಈಗ ಅಲ್ಲಿನ ಊರೂರಿನ ಚರ್ಚು ಸಮಿತಿಗಳ ಮುಂದಿದೆ. 2020ರ ಫೆಬ್ರವರಿಯಲ್ಲಿ ಚರ್ಚ್ ಆಫ್ ಇಂಗ್ಲೆಂಡಿನ ಮಹಾಸಭೆಯಾದ ಜನರಲ್ ಸಿನಡ್, ತನ್ನ ಕಟ್ಟಡಗಳಿಂದ ವಾತಾವರಣಕ್ಕೆ ಸೇರುವ ಇಂಗಾಲದ ನಿವ್ವಳ ಹೊರೆಯನ್ನು 2030ರೊಳಗೆ ಸೊನ್ನೆಗೆ ಇಳಿಸುವ ಗುರಿಯನ್ನು ಒಪ್ಪಿಕೊಂಡಿತು. ಅಂದಿನಿಂದ ಈ ಚರ್ಚೆಗೆ ಅವಸರವೂ ಬಂದಿದೆ, ಬಿಸಿಯೂ ಏರಿದೆ.

ಸೂರ್ಯನಿಗೂ ಚರ್ಚಿಗೂ ಇರುವ ನಂಟು ಹೊಸದಲ್ಲ. ನಮ್ಮ ಬಹುಪಾಲು ದೇವಾಲಯಗಳಂತೆ ಹಳೆಯ ಚರ್ಚುಗಳಿಗೂ ಪೂರ್ವ ದಿಕ್ಕೇ ಪ್ರಧಾನ. ಪೂಜಾವೇದಿಕೆ ಪೂರ್ವದ ತುದಿಯಲ್ಲಿ, ಗೋಪುರ ಸಾಮಾನ್ಯವಾಗಿ ಪಶ್ಚಿಮದಲ್ಲಿ, ನಡುವೆ ಉದ್ದನೆಯ ಸಭಾಂಗಣ. ಹೀಗೆ ಪೂರ್ವ-ಪಶ್ಚಿಮವಾಗಿ ಚಾಚಿಕೊಂಡ ಕಟ್ಟಡದ ಮಾಡಿನ ಒಂದು ಇಳಿಜಾರು ತಾನಾಗಿಯೇ ದಕ್ಷಿಣಕ್ಕೆ ಮುಖ ಮಾಡುತ್ತದೆ. ಇಂಗ್ಲೆಂಡಿನಲ್ಲಿ ನಡುಹಗಲಿನ ಸೂರ್ಯ ವರ್ಷವಿಡೀ ದಕ್ಷಿಣದಲ್ಲೇ ಇರುವುದರಿಂದ ಸೌರಫಲಕಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಸಿಕ್ಕುವುದು ಕಷ್ಟ. ಮಧ್ಯಯುಗದ ಕಲ್ಲುಕುಟಿಗರು ಪ್ರಾರ್ಥನೆಗೆಂದು ಆರಿಸಿದ ದಿಕ್ಕು ಇಂದಿನ ವಿದ್ಯುತ್ ಎಂಜಿನಿಯರುಗಳಿಗೆ ಅನುಕೂಲವಾಗಿದೆ.

ಇನ್ನೊಂದು ಅನುಕೂಲವೂ ಉಂಟು. ಹಿಂದೆ ಅನೇಕ ಚರ್ಚುಗಳ ಮಾಡು ಕಡಿದಾಗಿತ್ತು. ಮುಂದೆ, ವಿಶೇಷವಾಗಿ 15ನೆಯ ಶತಮಾನದಲ್ಲಿ, ಅದನ್ನು ತಗ್ಗಿಸಿ, ಸೀಸದ ತಗಡು ಹೊದಿಸಿ, ಅಂಚಿಗೆ ಕೈಪಿಡಿಗೋಡೆ ಕಟ್ಟುವ ರೂಢಿ ಹರಡಿತು. ಹಳೆಯ ಮಾಡು ತಾಗಿದ್ದ ಓರೆಗೆರೆಯ ಗುರುತು ಎಷ್ಟೋ ಗೋಪುರಗಳ ಗೋಡೆಯ ಮೇಲೆ ಇಂದಿಗೂ ಉಳಿದಿದೆ. ಇಂಥ ತಗ್ಗು ಮಾಡಿನ ಮೇಲೆ ಫಲಕಗಳನ್ನಿಟ್ಟರೆ ಕೆಳಗೆ ನಿಂತವರಿಗೆ ಅವು ಕಾಣುವುದು ವಿರಳ. ಗ್ಲಾಸ್ಟರ್ ಕೆಥೀಡ್ರಲ್‌ನ ಸಭಾಂಗಣದ ಮಾಡಿನ ಮೇಲೆ 2016ರಲ್ಲಿ 150 ಫಲಕಗಳು ಬಂದವು. ಅದು 1089ರಲ್ಲಿ ಕಟ್ಟಲಾರಂಭಿಸಿದ ಕಟ್ಟಡ. ಅದಕ್ಕೂ ಮೊದಲು, 2011ರಲ್ಲಿ, ಬ್ರ್ಯಾಡ್‌ಫರ್ಡ್ ಕೆಥೀಡ್ರಲ್ ತನ್ನ ಮಾಡಿನ ಮೇಲೆ ಫಲಕಗಳನ್ನು ಹಾಕಿಸಿಕೊಂಡಿತ್ತು. 1919ರವರೆಗೆ ಅದೂ ಒಂದು ಪ್ಯಾರಿಷ್ ಚರ್ಚೇ ಆಗಿತ್ತು.

ಹಾಗಾದರೆ ಆಕ್ಷೇಪಣೆ ಏಕೆ? ಆಕ್ಷೇಪಿಸುವವರು ಹೊಸದನ್ನೆಲ್ಲ ದ್ವೇಷಿಸುವವರೆಂದು ತಿಳಿಯುವುದು ತಪ್ಪು. 19ನೆಯ ಶತಮಾನದಲ್ಲಿ ಜೀರ್ಣೋದ್ಧಾರದ ಹೆಸರಿನಲ್ಲಿ ಇಂಗ್ಲೆಂಡಿನ ಚರ್ಚುಗಳ ಹಳೆಯ ಗಾರೆ, ಹಳೆಯ ಮರಗೆಲಸ ಎಷ್ಟೋ ನಾಶವಾಯಿತು. ಅದನ್ನು ತಡೆಯಲೆಂದೇ ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ 1877ರಲ್ಲಿ ಪ್ರಾಚೀನ ಕಟ್ಟಡಗಳ ರಕ್ಷಣೆಗೆ ಸಂಘ ಕಟ್ಟಿದ. ಸದುದ್ದೇಶದಿಂದ ಮಾಡಿದ ಕೆಲಸವೂ ಕಟ್ಟಡವನ್ನು ಕೆಡಿಸಬಲ್ಲದು ಎಂಬುದು ಆ ಕಾಲ ಕಲಿಸಿದ ಪಾಠ. ಸೌರಫಲಕಗಳ ವಿಷಯದಲ್ಲೂ ಸಂರಕ್ಷಕರ ಎಚ್ಚರ ಅಂಥದೇ. ಫಲಕಗಳ ಭಾರವನ್ನು ಹಳೆಯ ಓಕ್ ಮರದ ತೊಲೆಗಳು ತಾಳಿಕೊಂಡಾವೇ? ಗಾಳಿ ಬೀಸಿದಾಗ ಹಿಡಿತ ಸಾಕೇ? ಸೀಸದ ತಗಡಿಗೆ ತೂತು ಬೀಳದೇ? ಮಾಡಿನಡಿ ಬೀಡುಬಿಟ್ಟ, ಕಾನೂನಿನ ರಕ್ಷಣೆಯುಳ್ಳ ಬಾವಲಿಗಳ ಗತಿಯೇನು? ಮುಖ್ಯವಾಗಿ, ನಾಳೆ ಫಲಕ ತೆಗೆದರೆ ಕಟ್ಟಡ ಮೊದಲಿನಂತೆಯೇ ಉಳಿದೀತೇ?

ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜು ಚಾಪೆಲ್‌ನ ಪ್ರಸಂಗದಲ್ಲಿ ಎರಡು ಪಕ್ಷಗಳೂ ಎದುರುಬದುರಾದವು. ಅದು ಪ್ಯಾರಿಷ್ ಚರ್ಚಲ್ಲ, ಕಾಲೇಜಿನ ಪ್ರಾರ್ಥನಾ ಮಂದಿರ. 1446ರಲ್ಲಿ ಆರಂಭವಾಗಿ 1515ರಲ್ಲಿ ಪೂರ್ಣಗೊಂಡ ಜಗತ್ಪ್ರಸಿದ್ಧ ಕಟ್ಟಡ. ಸರ್ಕಾರಕ್ಕೆ ಪರಂಪರೆಯ ವಿಷಯದಲ್ಲಿ ಸಲಹೆ ನೀಡುವ ಹಿಸ್ಟಾರಿಕ್ ಇಂಗ್ಲೆಂಡ್ ಸಂಸ್ಥೆ, ಫಲಕಗಳಿಂದ ಚಾಪೆಲ್‌ನ ನೋಟಕ್ಕೆ ಕುಂದು ಬರುವುದೆಂದು ಯೋಜನೆಯನ್ನು ವಿರೋಧಿಸಿತು. ಆದರೂ ನಗರಸಭೆ 2023ರಲ್ಲಿ ಅನುಮತಿ ನೀಡಿತು. ಮಾಡಿನ ಸೀಸವನ್ನು ಬದಲಿಸುವ ಕೆಲಸ ಹೇಗೂ ನಡೆದಿತ್ತು. ಅದರ ಜೊತೆಗೇ 438 ಫಲಕಗಳು ಮೇಲೇರಿದವು. ವರ್ಷಕ್ಕೆ ಸುಮಾರು 1,23,000 ಯೂನಿಟ್ ವಿದ್ಯುತ್ತಿನ ನಿರೀಕ್ಷೆ ಅವುಗಳಿಂದ.

ಹಳ್ಳಿಯ ಚರ್ಚು ಹಾಗೆ ತನ್ನಷ್ಟಕ್ಕೆ ಫಲಕ ಹಾಕಿಕೊಳ್ಳುವಂತಿಲ್ಲ. ಚರ್ಚ್ ಆಫ್ ಇಂಗ್ಲೆಂಡಿಗೆ ತನ್ನದೇ ಆದ ಅನುಮತಿ ವ್ಯವಸ್ಥೆಯಿದೆ. ಅದಕ್ಕೆ ಫ್ಯಾಕಲ್ಟಿ ಎಂದು ಹೆಸರು. ಬಿಷಪ್ಪರ ಅಧಿಕಾರ ವ್ಯಾಪ್ತಿಯಾದ ಡಯಾಸಿಸ್‌ನ ಸಲಹಾ ಸಮಿತಿ ಯೋಜನೆಯನ್ನು ಪರಿಶೀಲಿಸುತ್ತದೆ. ಚಾನ್ಸಲರ್ ಎಂಬ ನ್ಯಾಯಾಧೀಶ ತೀರ್ಪು ಕೊಡುತ್ತಾರೆ. ಡಫೀಲ್ಡ್‌ನ ಸಂತ ಆಲ್ಕ್‌ಮಂಡ್ ಚರ್ಚಿನ ಪ್ರಕರಣದಲ್ಲಿ ಮೇಲಿನ ಧರ್ಮನ್ಯಾಯಾಲಯ ಹಾಕಿಕೊಟ್ಟ ಪ್ರಶ್ನೆಗಳು ಇಂದಿಗೂ ದಾರಿದೀಪ. ಈ ಬದಲಾವಣೆಯಿಂದ ಕಟ್ಟಡದ ಮಹತ್ವಕ್ಕೆ ಹಾನಿಯೇ? ಹಾನಿ ಎಷ್ಟು? ಅದಕ್ಕೆ ತಕ್ಕ ಕಾರಣವಿದೆಯೇ? ಹಾನಿ ಹೆಚ್ಚಾದಷ್ಟೂ ಸಿಗುವ ಪ್ರಯೋಜನವೂ ಹೆಚ್ಚಿರಬೇಕೆಂಬುದು ಇದರ ತಿರುಳು. ತಕ್ಕಡಿಯ ಎರಡೂ ತಟ್ಟೆಗಳಿಗೆ ತೂಕ ಹಾಕದೆ ಇಲ್ಲಿ ತೀರ್ಮಾನವಿಲ್ಲ.

ಪ್ರಯೋಜನದ ತಟ್ಟೆಯನ್ನೂ ಪ್ರಾಮಾಣಿಕವಾಗಿ ತೂಗಬೇಕು. ಚರ್ಚಿನ ಇಂಧನದ ಬಹುಭಾಗ ಖರ್ಚಾಗುವುದು ದೀಪಕ್ಕಲ್ಲ, ಚಳಿ ಕಾಯಿಸಲು. ಅದೂ ಸಾಮಾನ್ಯವಾಗಿ ಅನಿಲ ಇಲ್ಲವೇ ಎಣ್ಣೆಯ ಬಾಯ್ಲರುಗಳಿಂದ. ಚಳಿ ಕಡುವಾಗಿರುವ ಡಿಸೆಂಬರಿನಲ್ಲಿ ಬೆಂಗಳೂರಿನ ನಡುಹಗಲಿನ ಸೂರ್ಯ ದಿಗಂತದಿಂದ 53 ಡಿಗ್ರಿಯಷ್ಟು ಮೇಲಿದ್ದರೆ, ಕೇಂಬ್ರಿಜ್‌ನಲ್ಲಿ ಬರೀ 14 ಡಿಗ್ರಿ. ಹಗಲು ಎಂಟು ಗಂಟೆಯೂ ಇಲ್ಲ. ಜೂನ್ ತಿಂಗಳಲ್ಲಿ ಬರುವ ವಿದ್ಯುತ್ತಿನ ಐದನೆಯ ಒಂದು ಭಾಗವೂ ಆಗ ಬರದು. ಮಧ್ಯಾಹ್ನ ಕಳೆದರೆ ಗೋಪುರದ ನೆರಳು ಬೇರೆ ಮಾಡಿನ ಮೇಲೆ ಬೀಳುತ್ತದೆ. ವಾರಕ್ಕೊಮ್ಮೆ ಭಾನುವಾರ ಬಾಗಿಲು ತೆರೆಯುವ ಚರ್ಚು ಉಳಿದ ಆರು ದಿನದ ವಿದ್ಯುತ್ತನ್ನು ಏನು ಮಾಡಬೇಕು? ಹೊರಗಿನ ಜಾಲಕ್ಕೆ ಮಾರಬಹುದು, ನಿಜ. ಆದರೆ ಫಲಕಗಳ ಮಾಲೀಕರಿಗೆ ಉದಾರ ದರ ಕೊಡುತ್ತಿದ್ದ 2010ರ ಸರ್ಕಾರಿ ಯೋಜನೆ 2019ರಲ್ಲಿ ಹೊಸಬರಿಗೆ ಮುಚ್ಚಿಹೋಯಿತು.

ಆದ್ದರಿಂದ ಅನುಭವಸ್ಥರು ಹೇಳುವ ಕ್ರಮ ಬೇರೆ. ಮೊದಲು ಸೋರುವ ಮಾಡು, ಕಟ್ಟಿಕೊಂಡ ದೋಣಿ ಸರಿಯಾಗಲಿ. ಒದ್ದೆ ಗೋಡೆಯನ್ನು ಎಷ್ಟು ಕಾಯಿಸಿದರೂ ವ್ಯರ್ಥ. ಆಮೇಲೆ ಎತ್ತರದ ಸಭಾಂಗಣದ ಗಾಳಿಯನ್ನೆಲ್ಲ ಕಾಯಿಸುವ ಬದಲು, ಕೂತ ಜನರಿಗೆ ಬಿಸಿ ತಾಗುವಂತೆ ಬೆಂಚಿನಡಿ ವಿದ್ಯುತ್ ಹೀಟರುಗಳು ಬರಲಿ. ಫಲಕದ ಸರದಿ ಅನಂತರ. ಕಟ್ಟಡ ವಾರವಿಡೀ ಊರಿನ ಶಾಲೆಗೋ ಸಭೆಗೋ ಬಳಕೆಯಾಗುತ್ತಿದ್ದರಂತೂ ಫಲಕದ ಲೆಕ್ಕ ಸುಲಭವಾಗಿ ಕೂಡಿಬರುತ್ತದೆ. 2022ರಲ್ಲಿ ಅನುಮತಿ ನಿಯಮಗಳಿಗೆ ಆದ ತಿದ್ದುಪಡಿಯೂ ಇದೇ ದಿಕ್ಕಿನದು. ಹಳೆಯ ಅನಿಲ ಬಾಯ್ಲರ್ ಕಿತ್ತು ಅಂಥದೇ ಹೊಸದನ್ನು ಕೂರಿಸುವುದಕ್ಕೂ ಈಗ ಪೂರ್ಣ ಅನುಮತಿ ಬೇಕು.

ಇಲ್ಲಿ ಪಣಕ್ಕಿರುವುದು ಬರೀ ಮಾಡಿನ ಅಂದವಲ್ಲ. ಹಳ್ಳಿಯ ಚರ್ಚಿನ ದುರಸ್ತಿಯ ಹೊಣೆ ಬಹುಮಟ್ಟಿಗೆ ಅಲ್ಲಿಗೆ ಬರುವ ಬೆರಳೆಣಿಕೆಯ ಜನರ ಹೆಗಲ ಮೇಲಿದೆ. ಚಳಿಗೆ ಹೆದರಿ ಅವರೂ ಬರುವುದನ್ನು ಬಿಟ್ಟರೆ, ಇಂಧನದ ಬಿಲ್ಲು ಕಟ್ಟಲಾಗದೆ ಬಾಗಿಲು ಮುಚ್ಚಿದರೆ, ಕಾಪಾಡಿಕೊಂಡ ಸೀಸದ ಮಾಡಿನ ಕೆಳಗೆ ಉಳಿಯುವುದು ಬರಿದಾದ ಗೋಡೆಗಳು. ಹಾಗೆಂದು ಆತುರದಲ್ಲಿ ಕೊರೆದ ಒಂದು ತೂತಿನಿಂದ ಏಳುನೂರು ವರ್ಷದ ತೊಲೆ ಕೊಳೆತರೆ ಅದನ್ನು ಯಾವ ಉಳಿತಾಯವೂ ತುಂಬಿಕೊಡಲಾರದು. ಚರ್ಚಿನೊಳಗೆ ಬೆಂಚು ಬಂದದ್ದು, ಗೋಪುರಕ್ಕೆ ಗಡಿಯಾರ ಬಂದದ್ದು, ಮಿಂಚುಕಂಬಿ ಬಂದದ್ದು, ವಿದ್ಯುತ್ ದೀಪ ಬಂದದ್ದು, ಪ್ರತಿಯೊಂದೂ ಒಂದು ಕಾಲಕ್ಕೆ ಹೊಸದೇ. ಸೌರಫಲಕದ ಆಯುಸ್ಸು ಇಪ್ಪತ್ತೈದು, ಮೂವತ್ತು ವರ್ಷ. ಚರ್ಚಿನ ಲೆಕ್ಕದಲ್ಲಿ ಅದು ಒಂದು ತಲೆಮಾರು ಮಾತ್ರ. ಆ ತಲೆಮಾರು ಬೆಚ್ಚಗೆ ಕೂತು ಹೋದ ಮೇಲೆ, ಮುಂದಿನವರಿಗೆ ಗಾಯವಿಲ್ಲದ ಮಾಡನ್ನು ಒಪ್ಪಿಸುವಂತಿದ್ದರೆ ಅದು ಒಳ್ಳೆಯ ಕೆಲಸ.