ನಮ್ಮ ಗರಡಿಗಳೂ ನಾಡಿನ ಏಕೀಕರಣವೂ

(ಆಯುಧಪೂಜೆಯ ದಿನ ಊರ ಗರಡಿಯ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಇಂದು ಒಕ್ಕಲಿಗನು ನೇಗಿಲನ್ನೂ ಬಡಗಿಯು ಬಾಚಿಯನ್ನೂ ವರ್ತಕನು ತಕ್ಕಡಿಯನ್ನೂ ಪೂಜಿಸುವ ದಿನ. ಗರಡಿಯ ತರುಣರು ಗದೆಗಳನ್ನೂ ಕರೇಲಗಳನ್ನೂ ತೊಳೆದು, ಕುಂಕುಮವಿಟ್ಟು, ಮಾರುತಿಯ ಮುಂದೆ ಸಾಲಾಗಿ ಇರಿಸಿರುವರು. ಅಗೆದು ಹದಗೊಳಿಸಿದ ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಸಿನಗಳು ಬಿದ್ದಿವೆ. ಕರ್ಪೂರದ ಪರಿಮಳವು ಇನ್ನೂ ಆರಿಲ್ಲ. ಇಂತಹ ಮಂಗಲ ಸಮಯದಲ್ಲಿ ಕಳೆದ ವರ್ಷದ ವೃತ್ತಾಂತವನ್ನು ಒಪ್ಪಿಸಿ, ಬರುವ ವರ್ಷದ ಕಾರ್ಯಕ್ರಮವನ್ನು ಸಭೆಯ ಮುಂದಿಡುವ ಕೆಲಸವನ್ನು ವ್ಯವಸ್ಥಾಪಕ ಮಂಡಳಿಯವರು ನಮಗೆ ವಹಿಸಿದ್ದಾರೆ. ಆದರೆ ಕೇವಲ ವೃತ್ತಾಂತವನ್ನು ಓದಿ ಕುಳಿತುಕೊಳ್ಳುವುದರಿಂದ ಇಂದಿನ ಕರ್ತವ್ಯವು ಮುಗಿಯಲಾರದು. ಸಭೆಯು ಮನೆಗೆ ಹೋಗುವ ಮುನ್ನ ಒಂದು ನಿರ್ಣಯವನ್ನು ಮಾಡಲೇಬೇಕಾಗಿದೆ. ಮೊದಲು ಸಮಾಚಾರವನ್ನು ಹೇಳಿ, ಅನಂತರ ಆ ಮಾತಿಗೆ ಬರುವೆವು.

ಮಳೆಗಾಲಕ್ಕೆ ಮೊದಲು ಮಾಡಿನ ಹಂಚುಗಳನ್ನು ತಿರುವಿಹಾಕಿ ಸೋರುವಿಕೆಯನ್ನು ನಿಲ್ಲಿಸಲಾಯಿತು. ನಾಗರಪಂಚಮಿಯಂದು ಸಂಗ್ರಾಣಿ ಕಲ್ಲು ಎತ್ತುವ ಪಂದ್ಯವು ಎಂದಿನಂತೆ ನಡೆಯಿತು. ಸುತ್ತಣ ಜಾತ್ರೆಗಳ ಜಂಗೀ ನಿಕಾಲೀ ಕುಸ್ತಿಗಳಲ್ಲಿ ನಮ್ಮ ತರುಣರು ಗೆದ್ದೂ ಬಂದರು, ಚಿತ್ತಾಗಿಯೂ ಬಂದರು. ಸೋತವರು ಮರುದಿನ ಬೆಳಿಗ್ಗೆ ಎಂದಿನ ಹೊತ್ತಿಗೆ ಮಣ್ಣಿಗಿಳಿದರೆಂಬುದೇ ನಮಗೆ ಹೆಚ್ಚು ಸಂತೋಷದ ವಿಷಯ. ದುಃಖದ ಸಂಗತಿಯನ್ನೂ ಹೇಳದೆ ನಿರ್ವಾಹವಿಲ್ಲ. ಸಂಜೆಗೆ ಶಾಲೆಯ ಬಾಲಕರು ಬರುವರಾದರೂ, ಬೆಳಗಿನ ತಾಲೀಮಿಗೆ ಬರುವ ಪ್ರಾಯದ ತರುಣರು ಕೈಬೆರಳಲ್ಲಿ ಎಣಿಸುವಷ್ಟು ಮಾತ್ರ ಉಳಿದಿದ್ದಾರೆ. ಕೆಲವರು ಕೂಲಿಗಾಗಿ ಊರು ಬಿಟ್ಟರು. ಕೆಲವರ ಮನೆಯಲ್ಲಿ ಹಾಲು-ತುಪ್ಪದ ಖುರಾಕಿಗೆ ಅನುಕೂಲವಿಲ್ಲ.

ಈ ಬಡತನದಿಂದಲೇ ಇಂದಿನ ಪ್ರಶ್ನೆಯು ಹುಟ್ಟಿದೆ. ಗರಡಿಯ ಮುಂಭಾಗದ ಬಯಲಿನಲ್ಲಿ ಅಂಗಡಿಗಳನ್ನು ಕಟ್ಟಿಸಿ ಬಾಡಿಗೆಗೆ ಕೊಟ್ಟರೆ, ಬಂದ ಹಣದಿಂದ ಒಳಗಿನ ಗರಡಿಯನ್ನು ನಡೆಯಿಸಬಹುದೆಂದು ಕೆಲವು ಸದಸ್ಯರು ಸೂಚಿಸಿರುವರು. ಅವರ ಸದುದ್ದೇಶದಲ್ಲಿ ನಮಗೆ ಲೇಶಮಾತ್ರವೂ ಸಂಶಯವಿಲ್ಲ. ಅರ್ಧವನ್ನು ಬಿಟ್ಟು ಅರ್ಧವನ್ನು ಉಳಿಸಿಕೊಳ್ಳುವುದು ಜಾಣತನವೆಂದು ಲೋಕರೂಢಿಯೂ ಹೇಳುವುದು. ಆದರೂ ಈ ಸೂಚನೆಯನ್ನು ನಾವು ವಿರೋಧಿಸುತ್ತೇವೆ. ಏಕೆ ವಿರೋಧಿಸುತ್ತೇವೆಂಬುದನ್ನು ಅರಿಯಬೇಕಾದರೆ ಗರಡಿಯೆಂದರೇನೆಂಬುದನ್ನು ಸ್ವಲ್ಪ ವಿಚಾರಿಸಬೇಕು.

ಗರಡಿಯು ಕೇವಲ ಮೈ ಬೆಳೆಸುವ ಕೊಟ್ಟಿಗೆಯಲ್ಲ. ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತದ ಮಾನಸೋಲ್ಲಾಸದಲ್ಲಿ ಮಲ್ಲವಿನೋದವೆಂಬ ಪ್ರಕರಣವೇ ಇದೆ. ಮಲ್ಲರ ವರ್ಗಗಳು, ಅವರ ಆಹಾರ, ಅಂಗಸಾಧನೆ ಇವೆಲ್ಲವನ್ನೂ ರಾಜನಾದವನು ಕುಳಿತು ಬರೆದನೆಂದರೆ, ಈ ವಿದ್ಯೆಗೆ ಆ ಕಾಲದಲ್ಲಿದ್ದ ಗೌರವವೆಷ್ಟೆಂಬುದನ್ನು ತಾವೇ ಊಹಿಸಿರಿ. ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ತುಗೀಜ ಪ್ರವಾಸಿ ದೊಮಿಂಗೊ ಪಾಯೆಸನು ಕೃಷ್ಣದೇವರಾಯನ ದಿನಚರಿಯನ್ನು ಬರೆದಿಟ್ಟಿದ್ದಾನೆ. ಅರಸನು ಬೆಳಗಾಗುವ ಮುನ್ನ ಎದ್ದು ಎಳ್ಳೆಣ್ಣೆಯನ್ನು ಕುಡಿದು, ಮೈಗೂ ಪೂಸಿಕೊಂಡು, ಭಾರವನ್ನೆತ್ತಿ, ಕತ್ತಿ ತಿರುಗಿಸಿ, ಆ ಎಣ್ಣೆಯೆಲ್ಲವೂ ಬೆವರಾಗಿ ಇಳಿದ ಮೇಲೆ ತನ್ನ ಮಲ್ಲನೊಬ್ಬನೊಡನೆ ಸೆಣಸುತ್ತಿದ್ದನಂತೆ. ಹಂಪೆಯ ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಮಲ್ಲರ ಚಿತ್ರಗಳನ್ನು ಇಂದಿಗೂ ಕಾಣಬಹುದು. ಮೈಸೂರಿನ ಅರಮನೆಯಲ್ಲಿ ವಿಜಯದಶಮಿಯ ದಿನ ಜೆಟ್ಟಿಗಳು ತಲೆ ಬೋಳಿಸಿಕೊಂಡು ವಜ್ರಮುಷ್ಟಿ ಕಾಳಗಕ್ಕೆ ನಿಲ್ಲುವರು. ನೆತ್ತರಿನ ಮೊದಲ ಹನಿ ಕಂಡೊಡನೆ ಕಾಳಗವು ನಿಲ್ಲುವುದು. ಹಗೆಯಿಲ್ಲದೆ ಹೋರಾಡುವುದು, ಕಟ್ಟಳೆಗೆ ಬಾಗಿ ನಿಲ್ಲಿಸುವುದು: ಇದೇ ಈ ವಿದ್ಯೆಯ ಸಾರ.

ಮಹನೀಯರೇ, ಗರಡಿಯೆಂಬ ಒಂದು ಶಬ್ದವು ಎಷ್ಟು ದೂರ ಹರಡಿದೆಯೆಂಬುದನ್ನು ನೋಡಿರಿ. ಮೈಸೂರಿನಲ್ಲಿ ಅದು ಮಲ್ಲರ ಮನೆ. ತುಳುನಾಡಿನಲ್ಲಿ ಅದೇ ಶಬ್ದವು ಕೋಟಿ-ಚೆನ್ನಯರೆಂಬ ವೀರರ ಆರಾಧನೆಯ ಸ್ಥಾನ. ಬೆಳಗಾವಿ-ಧಾರವಾಡಗಳ ಕಡೆಗೆ ನಾವು ತಾಲೀಮು ಎಂದರೂ ಗರಡಿಯೆಂಬ ಮಾತು ಯಾರಿಗೂ ಹೊಸತಲ್ಲ. ಕೊಡಗಿನವರು ಕೈಲ್‌ಪೊಳ್ದಿನ ದಿನ ಆಯುಧಗಳನ್ನು ಪೂಜಿಸುವರು. ಮುಧೋಳದ ಕವಿ ರನ್ನನು ಭೀಮ-ದುರ್ಯೋಧನರ ಗದೆಗಳ ಕಾಳಗವನ್ನೇ ಮಹಾಕಾವ್ಯವಾಗಿ ಹಾಡಿದನು. ಕಲ್ಯಾಣದಿಂದ ಕೊಡಗಿನವರೆಗೆ ಈ ಬಲದ ಉಪಾಸನೆಯು ಒಂದೇ ಆಗಿತ್ತು. ಅದನ್ನು ಹರಿದು ಹಂಚಿದ್ದು ರಾಜಕಾರಣ!

ಮುಂಬಯಿ ಪ್ರಾಂತ, ಮದ್ರಾಸ ಪ್ರಾಂತ, ನಿಜಾಮರ ಹೈದರಾಬಾದು, ಮೈಸೂರು ಸಂಸ್ಥಾನ, ಕೊಡಗು, ಇವಲ್ಲದೆ ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರು, ಸೊಂಡೂರುಗಳಂಥ ಸಣ್ಣ ಸಂಸ್ಥಾನಗಳು, ಹೀಗೆ ಕನ್ನಡಿಗನು ಹಲವು ಬಾಗಿಲುಗಳಲ್ಲಿ ನಿಂತಿದ್ದನು. ಮಲ್ಲನಿಗೆ ಆಶ್ರಯವು ಬೇಕು. ದಕ್ಷಿಣದ ಮಲ್ಲನು ಮೈಸೂರಿನ ಅರಮನೆಯತ್ತ ನೋಡಿದನು. ಉತ್ತರದ ಮಲ್ಲನು ಶಾಹೂ ಮಹಾರಾಜರು 1912ರಲ್ಲಿ ಖಾಸಬಾಗ ಮೈದಾನವನ್ನು ಕಟ್ಟಿಸಿದ ಕೊಲ್ಹಾಪುರದತ್ತ ನೋಡಿದನು. ಕೊಲ್ಹಾಪುರದ ಋಣವನ್ನು ನಾವು ಮರೆಯಲಾರೆವು. ಮರಾಠಿ ಮಾತನಾಡುವ ವಸ್ತಾದರಿಂದ ಪಟ್ಟುಗಳನ್ನು ಕಲಿತ ಕನ್ನಡಿಗರು ಅನೇಕರು. ವಿದ್ಯೆಗೆ ಗಡಿಯಿಲ್ಲ, ಗುರುವಿಗೆ ಭಾಷೆಯ ಭೇದವಿಲ್ಲ. ಆದರೆ ಕೊಲ್ಹಾಪುರದ ಮಲ್ಲರ ಹೆಸರುಗಳೆಲ್ಲ ಬಾಯಲ್ಲಿರುವ ನಮ್ಮ ತರುಣನಿಗೆ ಮೈಸೂರಿನ ಒಂದು ಗರಡಿಯ ಹೆಸರೂ ತಿಳಿಯದಿದ್ದರೆ ಅದು ಯಾರ ಕೊರತೆ?

1956ರ ನವೆಂಬರ 1ರಂದು ನಾಡು ಒಂದಾಯಿತು. 1973ರ ನವೆಂಬರ 1ರಂದು ಅದಕ್ಕೆ ಕರ್ನಾಟಕವೆಂಬ ನಾಮಕರಣವಾಯಿತು. ನಕಾಶೆಯ ಮೇಲಿನ ಗೆರೆಗಳನ್ನು ಅಳಿಸಲು ಒಂದು ಕಾಯದೆ ಸಾಕು; ಮನಸ್ಸಿನ ಗೆರೆಗಳನ್ನು ಅಳಿಸಲು ದಿನದಿನದ ಒಡನಾಟವು ಬೇಕು. ಈ ಸತ್ಯವನ್ನು ನಮ್ಮ ಹಿರಿಯರು ಅರಿತಿದ್ದರು. ಹುಬ್ಬಳ್ಳಿಯ ಡಾಕ್ಟರ ನಾ. ಸು. ಹರ್ಡೀಕರರು 1923ರಲ್ಲಿ ಹಿಂದುಸ್ತಾನೀ ಸೇವಾದಳವನ್ನು ಸ್ಥಾಪಿಸಿದಾಗ, ಭಾಷಣ ಮಾಡುವವರಿಗಿಂತ ಸಾಲಾಗಿ ನಿಲ್ಲುವವರು, ಭಾರ ಹೊರುವವರು, ಶಿಸ್ತಿಗೆ ಬಾಗುವವರು ದೇಶಕ್ಕೆ ಬೇಕೆಂದು ಅವರು ಬಗೆದರು. 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕೂಡಿದ ಕಾಂಗ್ರೆಸ್ಸಿನಲ್ಲಿ ದಳದ ಸ್ವಯಂಸೇವಕರು ದುಡಿದರು. ದೇಹವನ್ನು ಪಳಗಿಸುವ ಶಿಸ್ತು ನಾಡಸೇವೆಯ ಮೊದಲ ಪಾಠವೆಂಬುದನ್ನು ಅವರು ಮಾಡಿ ತೋರಿಸಿದರು.

ಈಗ ಅಂಗಡಿಯ ಮಾತಿಗೆ ಬರೋಣ. ಮೊದಲನೆಯದಾಗಿ, ಬಾಡಿಗೆಗೆ ಕೊಟ್ಟ ಸ್ಥಳವು ಬೇಕೆಂದಾಗ ಮರಳಿ ಬರುವುದೆಂಬ ಭರವಸೆಯಿಲ್ಲ. ಒಕ್ಕಲೆಬ್ಬಿಸುವ ದಾವೆಗಳು ಅಪೀಲಿನ ಮೇಲೆ ಅಪೀಲಾಗಿ ವರ್ಷಗಟ್ಟಲೆ ನಡೆಯುವುದನ್ನು ನಾವು ಕೋರ್ಟಿನಲ್ಲಿ ಕಾಣುತ್ತಲೇ ಇದ್ದೇವೆ. ಎರಡನೆಯದಾಗಿ, ಆ ಬಯಲಿನ ಅವಶ್ಯಕತೆಯು ಇಂದು ಹಿಂದೆಂದಿಗಿಂತಲೂ ಹೆಚ್ಚಾಗಿದೆ. ಮಣ್ಣಿನ ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ಹತ್ತುವವರೆಗೆ ಹೋರಾಟವು ನಡೆಯುವುದು. ಲೋಕದ ಪಂದ್ಯಗಳು ನಡೆಯುವುದು ಮ್ಯಾಟಿನ ಮೇಲೆ: ಮೂರು ನಿಮಿಷಗಳ ಎರಡು ಸುತ್ತು, ಪಟ್ಟಿಗೊಂದು ಅಂಕ-ಲೆಕ್ಕ, ಒಂಬತ್ತು ಮೀಟರು ವ್ಯಾಸದ ವೃತ್ತ. ಆ ವೃತ್ತದ ಸುತ್ತಲಿನ ಅಂಚನ್ನು ಸೇರಿಸಿದರೆ ಹನ್ನೆರಡು ಮೀಟರು ಚೌಕದ ಜಾಗವು ಬೇಕು. ನಮ್ಮಲ್ಲಿ ಅಷ್ಟು ಜಾಗವಿರುವುದು ಮುಂಭಾಗದ ಬಯಲಿನಲ್ಲಿ ಮಾತ್ರ. ಅಲ್ಲಿ ಅಂಗಡಿಗಳು ಎದ್ದರೆ, ನಮ್ಮ ಹುಡುಗನು ಜಾತ್ರೆಯ ಮಲ್ಲನಾಗಿಯೇ ಮುದುಕನಾಗುವನು.

ಇದು ಉತ್ಪ್ರೇಕ್ಷೆಯಲ್ಲ. ಸಾತಾರಾ ಜಿಲ್ಲೆಯ ಗೋಳೇಶ್ವರದ ಖಾಶಾಬಾ ಜಾಧವರು ಮಣ್ಣಿನಲ್ಲಿ ಬೆಳೆದ ಮಲ್ಲರು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಅಪರಿಚಿತವಾದ ಮ್ಯಾಟಿನ ಮೇಲೆ ಸೆಣಸಿ ಆರನೆಯವರಾದರು. ನಾಲ್ಕು ವರ್ಷ ಆ ಕಟ್ಟಳೆಗಳನ್ನು ಅಭ್ಯಾಸ ಮಾಡಿ 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚಿನ ಪದಕವನ್ನು ಪಡೆದರು. ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಪದಕವದು. ಅವರ ಪ್ರಯಾಣದ ಖರ್ಚಿಗಾಗಿ ಊರವರು ಚಂದಾ ಎತ್ತಿದರೆಂದೂ, ಕೊಲ್ಹಾಪುರದ ರಾಜಾರಾಮ ಕಾಲೇಜಿನ ಪ್ರಾಚಾರ್ಯರು ತಮ್ಮ ಮನೆಯನ್ನೇ ಒತ್ತೆಯಿಟ್ಟರೆಂದೂ ಪ್ರಸಿದ್ಧವಾಗಿದೆ. ಇಲ್ಲಿ ಕುಳಿತ ಮಾಸ್ತರರು ಆ ಪ್ರಾಚಾರ್ಯರನ್ನು ನೆನೆಯಲಿ! ಅಲ್ಲಿಂದ 2008ರವರೆಗೆ, ಐವತ್ತಾರು ವರ್ಷ, ಕುಸ್ತಿಯಲ್ಲಿ ಭಾರತಕ್ಕೆ ಒಲಿಂಪಿಕ್ ಪದಕವೇ ಬರಲಿಲ್ಲ. ಅನಂತರ 2012, 2016, ಟೋಕಿಯೋ, 2024ರ ಪ್ಯಾರಿಸ್, ಪ್ರತಿಯೊಂದರಲ್ಲಿಯೂ ಬಂದಿವೆ. ಆದರೆ ಗೆದ್ದವರ ಪಟ್ಟಿಯಲ್ಲಿ ಕನ್ನಡ ನಾಡಿನ ಒಂದು ಹೆಸರೂ ಇಲ್ಲ. ನಮ್ಮವರಲ್ಲಿ ಶಕ್ತಿಯಿಲ್ಲವೇ? ಬಾಗಲಕೋಟೆ ಜಿಲ್ಲೆಯ ಅರ್ಜುನ ಹಲಕುರ್ಕಿಯವರು 2020ರಲ್ಲಿ ದಿಲ್ಲಿಯಲ್ಲಿ ನಡೆದ ಏಶಿಯಾ ಪಂದ್ಯದಲ್ಲಿ ಗ್ರೀಕೋ-ರೋಮನ್ 55 ಕಿಲೋ ವರ್ಗದ ಕಂಚನ್ನು ತಂದರು. ಶಕ್ತಿಯಿದೆ, ಅದಕ್ಕೆ ಒದಗಬೇಕಾದುದು ಸ್ಥಳ, ಗುರು ಮತ್ತು ಖುರಾಕು.

ಹಾಗಾದರೆ ಹಣವೆಲ್ಲಿಂದ? ಹಿಂದೆ ರಾಷ್ಟ್ರೀಯ ಶಾಲೆಗಳನ್ನು ನಡೆಯಿಸಿದವರು ಮನೆಮನೆಯಿಂದ ಮುಷ್ಟಿಫಂಡವನ್ನು ಕೂಡಿಸಿದರು. ನಾವೂ ಹಾಗೆಯೇ ಮಾಡೋಣ. ಒಬ್ಬ ವರ್ತಕನು ಒಬ್ಬ ಹುಡುಗನ ಹಾಲಿನ ಖರ್ಚನ್ನು ವಹಿಸಿಕೊಳ್ಳಲಿ. ಒಕ್ಕಲಿಗನು ಸುಗ್ಗಿಯಲ್ಲಿ ಜೋಳ-ಕಡಲೆಗಳನ್ನು ಕೊಡಲಿ. ಆದರೆ ಕೊಡುವವನಿಗೆ ಲೆಕ್ಕವನ್ನು ತೋರಿಸುವುದು ನಮ್ಮ ಧರ್ಮ. ಎಷ್ಟೋ ಊರುಗಳಲ್ಲಿ ಗರಡಿಯ ಜಾಗವು ತೀರಿಹೋದ ಯಾರೋ ಹಿರಿಯರ ಹೆಸರಿನಲ್ಲಿಯೇ ಉಳಿದು, ವಾರಸುದಾರರ ವ್ಯಾಜ್ಯದಲ್ಲಿ ಕೈಬಿಟ್ಟುಹೋಗುವುದು. ಆದುದರಿಂದ ಉತಾರವನ್ನು ತೆಗೆಯಿಸಿ, ಜಾಗವು ಯಾರ ಹೆಸರಿನಲ್ಲಿದೆಯೆಂಬುದನ್ನು ಈ ತಿಂಗಳೇ ಪರೀಕ್ಷಿಸತಕ್ಕದ್ದು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯದೆಯಂತೆ ಪ್ರತಿವರ್ಷ ಸಭೆ ಕರೆದು, ಲೆಕ್ಕವನ್ನು ನೋಂದಣಿ ಅಧಿಕಾರಿಗೆ ಒಪ್ಪಿಸತಕ್ಕದ್ದು. ಈ ಕಾಗದಪತ್ರಗಳ ಕೆಲಸವನ್ನು ನಾವು ಶುಲ್ಕವಿಲ್ಲದೆ ಮಾಡಿಕೊಡುವೆವು.

ಇನ್ನು ಬರುವ ವರ್ಷದ ಕಾರ್ಯಕ್ರಮ. ನವೆಂಬರ 1ರ ರಾಜ್ಯೋತ್ಸವದ ಮೆರವಣಿಗೆಯಲ್ಲಿ ಗರಡಿಯ ತರುಣರು ಲೇಜೀಮಿನೊಡನೆ ನಡೆದು, ಶಾಲೆಯ ಬಯಲಿನಲ್ಲಿ ಮಲ್ಲಕಂಬವನ್ನು ಪ್ರದರ್ಶಿಸುವರು. 2022ರ ಖೇಲೋ ಇಂಡಿಯಾ ಯುವ ಕ್ರೀಡಾಕೂಟದಲ್ಲಿ ಮಲ್ಲಕಂಬಕ್ಕೆ ಸ್ಥಾನ ದೊರೆತ ಮೇಲೆ ಇದನ್ನು ಕಲಿಯುವ ಹುಡುಗರಿಗೆ ಮುಂದಿನ ದಾರಿಯೂ ಇದೆ. ದೀಪಾವಳಿಯ ಅನಂತರ ಜಾತ್ರೆಗಳ ಕುಸ್ತಿಗಳು ಪ್ರಾರಂಭವಾಗುವುವು. ಮೊದಲೇ ಮಾತಾಡಿಕೊಂಡು ಸಮಸಮ ಬಿಡಿಸುವ ಜೋಡಿಗಳಿಗೂ ಹಣ ಕಟ್ಟುವ ಜೂಜಿಗೂ ನಮ್ಮ ಹುಡುಗರು ಇಳಿಯಕೂಡದೆಂದು ವಸ್ತಾದರು ಅಪ್ಪಣೆ ಮಾಡಿರುವರು. ಸಂಕ್ರಾಂತಿಯ ತರುವಾಯ ಮೈಸೂರು ಸೀಮೆಯ ಒಬ್ಬ ಉಸ್ತಾದರನ್ನು ಹದಿನೈದು ದಿನ ಇಲ್ಲಿಗೆ ಬರಮಾಡಿಕೊಳ್ಳುವುದು. ಮುಂದಿನ ದಸರೆಗೆ ನಮ್ಮ ತರುಣರನ್ನು ಮೈಸೂರಿನ ಕುಸ್ತಿಗಳನ್ನು ನೋಡಲು ಕಳುಹುವುದು. ಢಾಕ, ಕಲಾಜಂಗ, ಧೋಬಿಪಛಾಡಗಳೆಂದು ನಾವು ಕರೆಯುವ ಪಟ್ಟುಗಳಿಗೆ ಆ ಕಡೆಯವರು ಏನೆನ್ನುವರೆಂಬುದನ್ನು ಕೇಳಿ, ಎರಡು ಹೆಸರುಗಳನ್ನೂ ಕೂಡಿಸಿ, ಹಿಡಿತದ ವಿವರವನ್ನು ತಿಳಿಗನ್ನಡದಲ್ಲಿ ಬರೆದು ಒಂದು ಪುಸ್ತಿಕೆಯನ್ನು ಸಿದ್ಧಪಡಿಸುವುದು. ಬರೆಯುವ ಭಾರವು ಮಾಸ್ತರರದು. ಚಿತ್ರ ಬರೆಯುವ ಹುಡುಗರು ಶಾಲೆಯಲ್ಲಿದ್ದಾರೆ.

ಕೊನೆಯದಾಗಿ, ಬಾಗಿಲಿನ ಮಾತು. ಮಾರುತಿಗೆ ಕೈಮುಗಿದು ಇಳಿಯುವವನೂ, ಯಾ ಅಲೀ ಎಂದು ತೊಡೆ ತಟ್ಟುವವನೂ ಒಂದೇ ಮಣ್ಣಿನಲ್ಲಿ ಹೊರಳುವರು. ಮಣ್ಣು ಹತ್ತಿದ ಮೈಯಲ್ಲಿ ಜಾತಿಯ ಗುರುತು ಯಾರಿಗೆ ಕಾಣುವುದು? ಈ ಬಾಗಿಲು ಊರಿನ ಎಲ್ಲ ಕೇರಿಗಳ ಮಕ್ಕಳಿಗೂ ತೆರೆದಿರಬೇಕು. ತೆರೆದಿದೆಯೆಂದು ನಾವಾಗಿ ಹೋಗಿ ಹೇಳಬೇಕು. ಹೆಣ್ಣುಮಕ್ಕಳು ಗರಡಿಯ ಹೊಸ್ತಿಲನ್ನು ದಾಟಕೂಡದೆಂಬ ಹಳೆಯ ರೂಢಿಯನ್ನು ಕೆಲವು ಹಿರಿಯರು ನೆನಪಿಸಿದ್ದಾರೆ. ಅವರ ಭಾವನೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ 2004ರಿಂದ ಒಲಿಂಪಿಕ್ಸಿನಲ್ಲಿ ಮಹಿಳೆಯರ ಕುಸ್ತಿಯಿದೆ. 2016ರಲ್ಲಿ ಸಾಕ್ಷಿ ಮಲಿಕರು ಅದರಲ್ಲಿ ದೇಶಕ್ಕೆ ಪದಕವನ್ನು ತಂದರು. ಚೆನ್ನಮ್ಮನ ಕಿತ್ತೂರನ್ನು ಹೊಗಳುವ ನಾವು, ನಮ್ಮ ಮನೆಯ ಮಗಳನ್ನು ಹೊರಗೆ ನಿಲ್ಲಿಸುವುದು ಯಾವ ನ್ಯಾಯ? ಒಳಗಿನ ಮಣ್ಣಿನ ವಿಚಾರವನ್ನು ಹಿರಿಯರು ಸಾವಕಾಶವಾಗಿ ಯೋಚಿಸಲಿ. ಮುಂಭಾಗದ ಬಯಲಿನಲ್ಲಿ ಮ್ಯಾಟು ಹಾಸಿ, ವ್ಯಾಯಾಮ ಶಿಕ್ಷಕಿಯೊಬ್ಬರ ಕೈಕೆಳಗೆ ಸಂಜೆಯ ತರಗತಿಯನ್ನು ಯುಗಾದಿಯಿಂದ ಪ್ರಾರಂಭಿಸುವುದಕ್ಕೆ ಯಾವ ರೂಢಿಯೂ ಅಡ್ಡಬಾರದು. ಆ ಬಯಲು ಉಳಿಯಬೇಕೆಂಬುದಕ್ಕೆ ಇದು ಮತ್ತೊಂದು ಕಾರಣ.

ಆದುದರಿಂದ ಸಭೆಯ ಮುಂದೆ ನಾವಿಡುವ ನಿರ್ಣಯವಿದು: ಗರಡಿಯ ಅಂಗುಲ ನೆಲವನ್ನೂ ಬಾಡಿಗೆಗೆ ಕೊಡಕೂಡದು, ಮುಷ್ಟಿಫಂಡವನ್ನು ಇಂದಿನಿಂದಲೇ ತೆರೆಯತಕ್ಕದ್ದು, ಅದರ ಮೊದಲ ಲೆಕ್ಕವನ್ನು ಚೈತ್ರದ ಹುಣ್ಣಿಮೆ, ಹನುಮಜ್ಜಯಂತಿಯಂದು, ಇದೇ ಅಂಗಳದಲ್ಲಿ ಓದತಕ್ಕದ್ದು. ಒಪ್ಪುವವರು ಕೈ ಎತ್ತಿರಿ. ಒಪ್ಪದವರು ಎದ್ದು ನಿಂತು ಕಾರಣವನ್ನು ಹೇಳಿರಿ, ನಾವು ಕೇಳಲು ಸಿದ್ಧರಿದ್ದೇವೆ. ನಾಳೆ ಬನ್ನಿಯನ್ನು ವಿನಿಮಯ ಮಾಡಿಕೊಂಡು ಬಂಗಾರದಂತೆ ಬಾಳೋಣವೆಂದು ಒಬ್ಬರಿಗೊಬ್ಬರು ಹೇಳುವೆವಲ್ಲವೇ? ಆ ಮಾತು ಈ ಊರಿನ ಹುಡುಗರ ಬಟ್ಟಲಿಗೆ ಹಾಲಾಗಿ ಬೀಳಲಿ.

ಜಯ ಕರ್ನಾಟಕ ಮಾತೆ! ವಂದೇ ಮಾತರಂ!